ದೋಣಿಯ 12 ವೋಲ್ಟ್ ಫ್ರಿಜ್ ಈಗ ಕುರಿ ಶೆಡ್‌ನಲ್ಲಿದೆ: ರಾತ್ರಿ ನಿಲ್ಲುತ್ತದೆ, ಲಸಿಕೆ ಹೆಪ್ಪುಗಟ್ಟುತ್ತದೆ, ಏನು ಮಾಡಲಿ?

ಪಾವಗಡದ ಕುರಿಹಟ್ಟಿ

ಎಲ್ಲರಿಗೂ ನಮಸ್ಕಾರ. ಪಾವಗಡ ತಾಲ್ಲೂಕಿನಲ್ಲಿ ಹೊಲದ ಹತ್ತಿರ ನಮ್ಮ ಕುರಿ ಶೆಡ್ ಇದೆ. ಅಲ್ಲಿ ಬೋರ್‌ವೆಲ್‌ಗೆ ಪಾಳಿಯಲ್ಲಿ ಬರುವ ತ್ರೀಫೇಸ್ ಬಿಟ್ಟರೆ ಬೇರೆ ಕರೆಂಟ್ ಇಲ್ಲ. ಆದರೆ ತಿರುಮಣಿಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇರುವ ತಾಲ್ಲೂಕು ನಮ್ಮದು, ಬಿಸಿಲಿಗೇನೂ ಕೊರತೆ ಇಲ್ಲ. 150 ವ್ಯಾಟ್ ಪ್ಯಾನೆಲ್, 100 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿ ಹಾಕಿಸಿದೆವು. ದೋಣಿಯಿಂದ ಬಿಚ್ಚಿದ 12 ವೋಲ್ಟ್ ಫ್ರಿಜ್ ಒಂದನ್ನು ಮಂಗಳೂರಿನಿಂದ ತರಿಸಿದೆವು. ಸುಮಾರು 40 ಲೀಟರ್, ಮುಚ್ಚಳ ಮೇಲಕ್ಕೆ ತೆಗೆಯುವಂಥದ್ದು. ಕಂಪ್ರೆಸರ್ ಮೇಲೆ ಡ್ಯಾನ್‌ಫಾಸ್ ಬಿಡಿ35 ಅಂತ ಇದೆ.

ಒಳಗೆ ಇಡುವುದು ಕುರಿ ಲಸಿಕೆ, ಮುಖ್ಯವಾಗಿ ಕರುಳುಬೇನೆಯದು. ಮಳೆ ಬಿದ್ದು ಹೊಸ ಹುಲ್ಲು ಚಿಗುರುವುದಕ್ಕೆ ಮುಂಚೆ ಹಾಕಿಸಲೇಬೇಕು. ಇಲ್ಲದಿದ್ದರೆ ಸಂಜೆ ಹೊಟ್ಟೆ ತುಂಬ ಮೇಯ್ದು ಬಂದ ಗಟ್ಟಿಮುಟ್ಟಾದ ಮರಿಯೇ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಕುರಿ ಸಾಕಿದವರಿಗೆ ಆ ಸಂಕಟ ಗೊತ್ತು.

ತೊಂದರೆ ಎರಡು. ಬೆಳಗಿನ ಜಾವ ಫ್ರಿಜ್ ನಿಂತುಹೋಗುತ್ತದೆ. ಸಣ್ಣ ಕೆಂಪು ದೀಪ ಒಂದು ಸಲ ಮಿನುಗಿ, ಸ್ವಲ್ಪ ಬಿಟ್ಟು ಮತ್ತೆ ಒಂದು ಸಲ ಮಿನುಗುತ್ತದೆ. ಆಗ ಬ್ಯಾಟರಿಗೆ ಮೀಟರ್ ಇಟ್ಟರೆ 12ರ ಹತ್ತಿರ ತೋರಿಸುತ್ತದೆ. ಇನ್ನೊಂದು, ಮಧ್ಯಾಹ್ನ ಒಳಗೆ 9–10 ಡಿಗ್ರಿ ಆಗುತ್ತದೆ ಅಂತ ನಾಬ್ ಜಾಸ್ತಿ ಮಾಡಿದರೆ, ರಾತ್ರಿ ಫ್ರಿಜ್ ಒಳಗಿನ ತಣ್ಣನೆ ತಗಡಿಗೆ ತಾಗಿದ ಬಾಟಲಿಗಳಲ್ಲಿ ಐಸ್ ಕಟ್ಟಿರುತ್ತದೆ. ಅಂಗಡಿಯವರು ಇನ್ನೊಂದು ಬ್ಯಾಟರಿ ಹಾಕಿಸಿ, ಇಲ್ಲವೇ ಇನ್ವರ್ಟರ್ ಇಟ್ಟು ಮನೆ ಫ್ರಿಜ್ ತನ್ನಿ ಅಂತಾರೆ. ದುಡ್ಡು ಹಾಕುವ ಮುಂಚೆ ಗೊತ್ತಿರುವವರ ಮಾತು ಕೇಳಬೇಕು ಅನ್ನಿಸಿತು.

ಮಾಲೂರು ಸೋಲಾರ್

ಅಕ್ಕಾ, ಬ್ಯಾಟರಿ ಎಲ್ಲಿದೆ, ಫ್ರಿಜ್ ಎಲ್ಲಿದೆ? ನಡುವೆ ಯಾವ ವೈರ್, ಎಷ್ಟು ಉದ್ದ? ಅದು ಗೊತ್ತಾಗದೆ ಬ್ಯಾಟರಿ ತರಬೇಡಿ.

ಪಾವಗಡದ ಕುರಿಹಟ್ಟಿ

ಬ್ಯಾಟರಿ ಪಂಪ್‌ಹೌಸ್‌ನಲ್ಲಿದೆ. ಅಲ್ಲಿಂದ ಶೆಡ್‌ಗೆ 10 ಮೀಟರ್. ಮನೆ ವೈರಿಂಗ್‌ಗೆ ಬಳಸುವ 1.5 ಎಂಎಂ ವೈರ್ ಎಳೆದಿದ್ದಾರೆ. ಫ್ರಿಜ್ ಶೀಟ್ ಗೋಡೆಗೆ ಒತ್ತಿಕೊಂಡಿದೆ, ಪಕ್ಕದಲ್ಲಿ ಹಿಂಡಿ ಚೀಲ ಜೋಡಿಸಿದ್ದೇವೆ.

ಶಿಡ್ಲಘಟ್ಟದಿಂದ ಕೊಚ್ಚಿಗೆ

ಅಕ್ಕಾ, ನಮ್ಮೂರು ಶಿಡ್ಲಘಟ್ಟ. ಈಗ ಕೊಚ್ಚಿಯಲ್ಲಿ ಹಾಯಿದೋಣಿಗಳ ವೈರಿಂಗ್ ಕೆಲಸ ಮಾಡುತ್ತೇನೆ. ಇದೇ ಕಂಪ್ರೆಸರ್ ದಿನಾ ಕೈಗೆ ಸಿಗುತ್ತದೆ. ಲಂಗರು ಹಾಕಿ ನಿಂತ ದೋಣಿಯಲ್ಲಿ ಎಂಜಿನ್ ಓಡುವುದಿಲ್ಲ. ಇರುವಷ್ಟು ಬ್ಯಾಟರಿಯಲ್ಲೇ ರಾತ್ರಿ ಕಳೆಯಬೇಕು. ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಕರೆಂಟ್ ಎಳೆಯುವುದು ಸಾಮಾನ್ಯವಾಗಿ ಫ್ರಿಜ್ಜೇ. ನಿಮ್ಮ ಶೆಡ್ ಕಥೆಯೂ ಅದೇ.

ದೀಪ ಒಂದೊಂದೇ ಸಲ ಮಿನುಗಿದರೆ ಫ್ರಿಜ್‌ಗೆ ವೋಲ್ಟೇಜ್ ಸಾಲುತ್ತಿಲ್ಲ ಅಂತ ಅರ್ಥ. ಬ್ಯಾಟರಿ ಪೂರ್ತಿ ಖಾಲಿ ಅಂತ ಅಲ್ಲ. ಬಿಡಿ35ರ ಕಂಟ್ರೋಲರ್ ತನಗೆ ಸಿಗುವ ವೋಲ್ಟೇಜ್ 10.4ಕ್ಕೆ ಇಳಿದರೆ ಕಂಪ್ರೆಸರ್ ನಿಲ್ಲಿಸುತ್ತದೆ, 11.7 ಆದಮೇಲೆ ಮತ್ತೆ ಹಾಕುತ್ತದೆ. ಈಗ ನಿಮ್ಮ ವೈರ್ ನೋಡಿ. ಹೋಗಿ ಬರುವ ದಾರಿ ಸೇರಿ 20 ಮೀಟರ್. 1.5 ಎಂಎಂ ತಾಮ್ರದಲ್ಲಿ 4 ಆಂಪಿಯರ್ ಹರಿದರೆ ಹತ್ತಿರ ಹತ್ತಿರ 1 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಸ್ಟಾರ್ಟ್ ಆಗುವ ಹೊತ್ತಿಗೆ ಇನ್ನೂ ಜಾಸ್ತಿ. ನಿಂತ ಮೇಲೆ ಮೀಟರ್ ಇಟ್ಟರೆ ಇದು ಕಾಣುವುದೇ ಇಲ್ಲ. ಕಂಪ್ರೆಸರ್ ಓಡುತ್ತಿರುವಾಗ ಫ್ರಿಜ್‌ನ ಟರ್ಮಿನಲ್‌ನಲ್ಲೇ ಮೀಟರ್ ಇಟ್ಟು ನೋಡಿ. 6 ಎಂಎಂ ವೈರ್ ಎಳೆದರೆ ನಷ್ಟ ಕಾಲು ವೋಲ್ಟ್‌ಗೆ ಇಳಿಯುತ್ತದೆ. ಅದಕ್ಕಿಂತ ಒಳ್ಳೆಯದು, ಬ್ಯಾಟರಿಯನ್ನೇ ಫ್ರಿಜ್ ಹತ್ತಿರ ತನ್ನಿ.

ಇನ್ನೊಂದು ಬ್ಯಾಟರಿ ಬೇಡ ಅನ್ನುವುದಕ್ಕೂ ಕಾರಣ ಇದೆ. 4 ಆಂಪಿಯರ್ ಎಳೆಯುವ ಫ್ರಿಜ್ ದಿನದಲ್ಲಿ ಅರ್ಧ ಹೊತ್ತು ಓಡಿದರೆ 48 ಎಎಚ್ ಬೇಕು. ನಿಮ್ಮ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಕೊಡುವುದು 40ರ ಆಸುಪಾಸು. ಎರಡು ಬ್ಯಾಟರಿ ಇಟ್ಟರೆ ಎರಡೂ ಅರೆಹೊಟ್ಟೆಯಲ್ಲೇ ಇರುತ್ತವೆ, ಬೇಗ ಕೆಡುತ್ತವೆ. ಇನ್ವರ್ಟರ್ ಅಂತೂ ಬೇಡವೇ ಬೇಡ. ಸುಮ್ನೆ ಆನ್ ಆಗಿದ್ದು 1 ಆಂಪಿಯರ್ ಎಳೆದರೂ ದಿನಕ್ಕೆ 24 ಎಎಚ್ ಹೋಯಿತು, ಅಲ್ವಾ?

ಆದ್ದರಿಂದ ಫ್ರಿಜ್ ಓಡುವ ಹೊತ್ತನ್ನೇ ಕಡಿಮೆ ಮಾಡಬೇಕು. ಹಿಂಡಿ ಚೀಲ ಇವತ್ತೇ ತೆಗೆಯಿರಿ. ಒಳಗಿನ ಬಿಸಿ ಹೊರಬರುವುದು ಕಂಡೆನ್ಸರ್‌ನಿಂದ. ಅದಕ್ಕೆ ಗಾಳಿ ಸಿಗದೆ, ಕಾದ ಶೀಟ್ ಪಕ್ಕದಲ್ಲಿ ಕೂತಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಮಧ್ಯಾಹ್ನದ 9–10 ಡಿಗ್ರಿಗೆ ನನ್ನ ಪ್ರಕಾರ ಇದೇ ಮುಖ್ಯ ಕಾರಣ. ಕೆಲವು ದೋಣಿಗಳಲ್ಲಿ ಕಂಡೆನ್ಸರ್ ತಂಪಾಗಿಸಲು ಸಮುದ್ರದ ನೀರನ್ನೇ ಬಳಸುತ್ತಾರೆ, ಅಷ್ಟು ಮುಖ್ಯ ಅದು. ನೀವು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಶೀಟ್‌ಗೆ ಒಳಗಿನಿಂದ ಥರ್ಮೋಕೋಲ್ ಹಾಕಿಸಿ. ಹಾಗೇ ಒಳಗೆ ಖಾಲಿ ಜಾಗ ಬಿಡದೆ ನೀರಿನ ಬಾಟಲಿ ತುಂಬಿಸಿ. 10 ಲೀಟರ್ ನೀರು 3 ಡಿಗ್ರಿಯಿಂದ 7ಕ್ಕೆ ಏರಬೇಕಾದರೆ ಸುಮಾರು 46 ವ್ಯಾಟ್-ಗಂಟೆ ಶಾಖ ಬೇಕು. ಇಂಥ ಸಣ್ಣ ಪೆಟ್ಟಿಗೆಗೆ ಅದು ಮೂರು ನಾಲ್ಕು ಗಂಟೆಯ ಆಸರೆ. ಬಿಸಿಲಿರುವಾಗ ಬಾಟಲಿ ತಣ್ಣಗಾದರೆ ರಾತ್ರಿ ಕಂಪ್ರೆಸರ್‌ಗೆ ಕೆಲಸ ಕಡಿಮೆ.

ನಾಬ್ ಮುಟ್ಟಬೇಡಿ. ಹಳೇ ಥರ್ಮೋಸ್ಟಾಟ್ ನೋಡುವುದು ತಗಡಿನ ಚಳಿಯನ್ನು, ನಿಮ್ಮ ಬಾಟಲಿಯನ್ನಲ್ಲ. 12 ವೋಲ್ಟ್‌ನ ಡಿಜಿಟಲ್ ಥರ್ಮೋಸ್ಟಾಟ್ ಹಾಕಿಸಿ. ಅದರ ಸ್ವಿಚ್ ವೈರ್ ಕಂಟ್ರೋಲರ್‌ನ ಸಿ ಮತ್ತು ಟಿ ಪಿನ್‌ಗೆ ಹೋಗುತ್ತದೆ, ಮುಖ್ಯ ಲೈನ್‌ಗಲ್ಲ. ಆ ದಾರಿಯಲ್ಲಿ ಮೊದಲೇ ರೆಸಿಸ್ಟರ್ ಇದ್ದರೆ ಹಾಗೇ ಬಿಡಿ, ಕಂಪ್ರೆಸರ್ ವೇಗ ನಿರ್ಧರಿಸುವುದು ಅದೇ. ಸೆನ್ಸರನ್ನು ನೀರು ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿ ಲಸಿಕೆಗಳ ಮಧ್ಯೆ ಇಡಿ. 5 ಡಿಗ್ರಿಗೆ ಸೆಟ್ ಮಾಡಿ. ತಗಡಿಗೂ ಲಸಿಕೆಗೂ ನಡುವೆ ಥರ್ಮೋಕೋಲ್ ತುಂಡು ಇರಲಿ.

ಕೋಲಾರ, ನಿವೃತ್ತ ಪಶು ಪರೀಕ್ಷಕ

ವೈರಿಂಗ್ ವಿಷಯ ಅವರು ಹೇಳಿದ್ದಾರೆ. ನಾನು ಲಸಿಕೆ ಬಗ್ಗೆ ಹೇಳುತ್ತೇನಮ್ಮ. ಲಸಿಕೆ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಎರಡೂ ಕಡೆ ಗಡಿ ಇದೆ. ಜನ ಬಿಸಿಗೆ ಹೆದರುತ್ತಾರೆ, ಐಸ್‌ಗೆ ಹೆದರುವುದಿಲ್ಲ. ಹಿರೇಬೇನೆ ಲಸಿಕೆ ಒಣಪುಡಿಯ ರೂಪದಲ್ಲಿರುತ್ತದೆ, ಚಳಿ ತಡೆಯುತ್ತದೆ. ಕರುಳುಬೇನೆಯದು ದ್ರವ. ಅದು ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿಸಿ ಹಾಕಿದರೂ ನಂಬುವ ಹಾಗಿಲ್ಲ. ಐಸ್ ಕಟ್ಟಿದ ಬಾಟಲಿಯನ್ನೂ ಹೆಪ್ಪುಗಟ್ಟದೆ ಇದ್ದ ಅದೇ ಬ್ಯಾಚಿನ ಇನ್ನೊಂದನ್ನೂ ಚೆನ್ನಾಗಿ ಕುಲುಕಿ ಪಕ್ಕಪಕ್ಕ ಇಟ್ಟು ನೋಡಿ. ಕೆಟ್ಟದ್ದರಲ್ಲಿ ಚೂರುಚೂರಾಗಿ ಗಸಿ ಬೇಗ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಒಳ್ಳೆಯದು ತುಂಬ ಹೊತ್ತು ಕದಡಿದ ಹಾಗೇ ಇರುತ್ತದೆ. ವ್ಯತ್ಯಾಸ ಕಾಣದಿದ್ದರೂ ಐಸ್ ಕಟ್ಟಿದ್ದನ್ನು ಹಾಕಬೇಡಿ. ಈಗಾಗಲೇ ಅಂಥದ್ದನ್ನು ಹಾಕಿಸಿದ್ದರೆ ಪಶು ಆಸ್ಪತ್ರೆಯಲ್ಲಿ ಹೇಳಿ, ಆ ಕುರಿಗಳಿಗೆ ಮತ್ತೆ ಯಾವಾಗ ಹಾಕಿಸಬೇಕು ಅಂತ ಕೇಳಿ.

ಪಾವಗಡದ ಕುರಿಹಟ್ಟಿ

ತುಂಬಾ ಉಪಕಾರವಾಯಿತು. ಚೀಲ ತೆಗೆಸಿದ್ದೇನೆ. ಓಡುವಾಗ ಮೀಟರ್ ಇಟ್ಟರೆ ಬ್ಯಾಟರಿಯಲ್ಲಿ 12.1, ಫ್ರಿಜ್ ಹತ್ತಿರ 11 ಚಿಲ್ಲರೆ. ನೀವು ಹೇಳಿದ ಹಾಗೇ ಇದೆ ಅಣ್ಣ. ಐಸ್ ಕಟ್ಟಿದ್ದ ಬಾಟಲಿಗಳನ್ನು ಬೇರೆ ಇಟ್ಟಿದ್ದೇನೆ. ಬ್ಯಾಟರಿ ಶೆಡ್‌ಗೆ ತಂದರೆ ಫ್ಯೂಸ್ ಎಷ್ಟರದ್ದು ಹಾಕಿಸಲಿ?

ಶಿಡ್ಲಘಟ್ಟದಿಂದ ಕೊಚ್ಚಿಗೆ

15 ಆಂಪಿಯರ್. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಇರಲಿ, ಫ್ರಿಜ್ ತುದಿಯಲ್ಲಲ್ಲ. ಮರಿಗಳು ವೈರ್ ಕಚ್ಚುತ್ತವೆ, ಪೈಪ್ ಒಳಗೆ ಎಳೆಸಿ. ಬ್ಯಾಟರಿಯಿಂದ ಗ್ಯಾಸ್ ಬರುತ್ತದೆ, ಗಾಳಿಯಾಡುವ ಕಡೆ ಸ್ವಲ್ಪ ಎತ್ತರದಲ್ಲಿ ಇಡಿ.