ಡಾ ನಾಂಗ್ ಪ್ರವಾಸ: ಒಂದು ಕಡೆ ನವೆಂಬರ್ ಒಳ್ಳೇದು ಅಂತಾರೆ, ಇನ್ನೊಂದು ಕಡೆ ನೆರೆ ಅಂತಾರೆ. ಯಾವುದನ್ನು ನಂಬೋದು?

ಮನೆಮಂದಿ_ಪಯಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆಗೆ ವಿಯೆಟ್ನಾಂನ ಡಾ ನಾಂಗ್‌ಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ಅಮ್ಮ. ಮಕ್ಕಳಿಗೆ ಸಮುದ್ರದಲ್ಲಿ ಆಡಬೇಕು, ಅಷ್ಟೇ.

ಮೂರು ವಾರದಿಂದ ನೆಟ್‌ನಲ್ಲಿ ಹುಡುಕುತ್ತಿದ್ದೇನೆ. ಹುಡುಕಿದಷ್ಟೂ ಗೊಂದಲ ಜಾಸ್ತಿಯಾಗಿದೆ. ‘ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ’ ಎಂದು ಹತ್ತಾರು ಕಡೆ ಬರೆದಿದ್ದಾರೆ. ವಿಡಿಯೋ ಹಾಕಿದರೆ ಅದೇ ನವೆಂಬರ್‌ನಲ್ಲಿ ಡಾ ನಾಂಗ್ ಪಕ್ಕದ ಹೊಯಿ ಆನ್ ಊರಿನ ಬೀದಿಗಳಲ್ಲಿ ದೋಣಿ ಓಡುತ್ತಿದೆ! ವೀಸಾಕ್ಕೂ ಇದೇ ಗೋಳು. ಮೊದಲು ಕಂಡ ಸೈಟ್ ಒಬ್ಬರಿಗೆ 80 ಡಾಲರ್ ಮೇಲೆ ಕೇಳಿತು. ಇನ್ನೂ ದುಡ್ಡು ಕಟ್ಟಿಲ್ಲ. ದಯವಿಟ್ಟು ದಾರಿ ತೋರಿಸಿ.

ಕಡಲೂರಿನವ

ಮೊದಲು ಒಂದು ಮಾತು: ವಿಮಾನದ ಟಿಕೆಟ್ ಈಗಲೇ ಮಾಡಬೇಡಿ.

ನೀವು ಓದಿದ್ದರಲ್ಲಿ ಎರಡೂ ಸುಳ್ಳಲ್ಲ. ನೀವು ‘ವಿಯೆಟ್ನಾಂ’ ಎಂದು ಹುಡುಕಿದ್ದೀರಿ, ಅಲ್ವಾ? ಆ ದೇಶ ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. ನವೆಂಬರ್ ಹೊತ್ತಿಗೆ ಹನೋಯ್‌ನಲ್ಲಿ ಹಿತವಾದ ಚಳಿ, ಹೋ ಚಿ ಮಿನ್ ನಗರದಲ್ಲಿ ಮಳೆ ಮುಗಿಯುವ ಕಾಲ. ನಡುವಿನ ಕರಾವಳಿಯಲ್ಲಿರುವ ಡಾ ನಾಂಗ್‌ಗೆ ಆಗಲೇ ಜೋರು ಮಳೆ. ಅಕ್ಟೋಬರ್ ಒಂದೇ ತಿಂಗಳಲ್ಲಿ ಸರಾಸರಿ ಸುಮಾರು 600 ಮಿಲಿಮೀಟರ್ ಬೀಳುತ್ತದೆ. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದೇ ಒಂದು ಸಾವಿರದ ಹತ್ತಿರ.

ನಮ್ಮ ಘಟ್ಟ ನೆನಪಿಸಿಕೊಂಡರೆ ಕಾರಣ ಸುಲಭ. ಆಗುಂಬೆಯಲ್ಲಿ ಸುರಿದ ಮಳೆ ಚಿತ್ರದುರ್ಗಕ್ಕೆ ಸಿಗುವುದಿಲ್ಲ. ಹಾಗೇ, ಜೂನ್-ಜುಲೈನ ನೈಋತ್ಯ ಮಾರುತವನ್ನು ಡಾ ನಾಂಗ್‌ನ ಪಶ್ಚಿಮಕ್ಕಿರುವ ತ್ರೂಂಗ್ ಸೋನ್ ಬೆಟ್ಟಸಾಲು ತಡೆಯುತ್ತದೆ. ಅದಕ್ಕೇ ನಮಗೆ ಮಳೆಗಾಲವಾದಾಗ ಅಲ್ಲಿ ಸುಡು ಬಿಸಿಲು. ನಮ್ಮ ಮಳೆಗಾಲದ ಕೊನೆಗೆ ಗಾಳಿ ತಿರುಗಿ ಈಶಾನ್ಯದಿಂದ, ಅಂದರೆ ಸಮುದ್ರದ ಕಡೆಯಿಂದ ಬಂದು ಅದೇ ಬೆಟ್ಟಕ್ಕೆ ಹೊಡೆಯುತ್ತದೆ. ಅದೇ ತಿಂಗಳುಗಳಲ್ಲಿ ಚಂಡಮಾರುತಗಳೂ ಬರುತ್ತವೆ. ಥು ಬೋನ್ ನದಿ ಉಕ್ಕಿ ಹೊಯಿ ಆನ್ ಹಳೆಪೇಟೆಗೆ ನುಗ್ಗುವುದೂ ಆಗಲೇ.

ನಾವು ಅಕ್ಟೋಬರ್‌ನಲ್ಲೇ ಹೋಗಿದ್ದೆವು. ಐದು ದಿನದಲ್ಲಿ ನಾಲ್ಕು ದಿನ ಮೀ ಖೇ ಕಡಲತೀರದಲ್ಲಿ ನೀರಿಗೆ ಇಳಿಯಬೇಡಿ ಎನ್ನುವ ಕೆಂಪು ಬಾವುಟ ಹಾರುತ್ತಿತ್ತು. ಮಗಳು ಹೋಟೆಲ್ ಕಿಟಕಿಯಿಂದ ಅಲೆ ನೋಡುತ್ತಾ ಕೂತಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ನಿಮ್ಮ ಮಕ್ಕಳಿಗೆ ಹಾಗಾಗಬಾರದು ಎಂದೇ ಇಷ್ಟು ಬರೆದೆ.

ಇನ್ನು ಮೇಲೆ ಊರಿನ ಹೆಸರು, ತಿಂಗಳ ಹೆಸರು ಎರಡೂ ಹಾಕಿ ಹುಡುಕಿ. ಮ್ಯಾಪ್‌ನಲ್ಲಿ ಮೀ ಖೇ ತೆರೆದು, ವಿಮರ್ಶೆಗಳನ್ನು ಹೊಸದು ಮೊದಲು ಬರುವಂತೆ ಇಡಿ. ನಿಮಗೆ ಬೇಕಾದ ತಿಂಗಳವರೆಗೆ ಕೆಳಗೆ ಹೋಗಿ. ಹೋದವರು ಹಾಕಿದ ಫೋಟೋದಲ್ಲಿ ಆಕಾಶ ಹೇಗಿದೆ ನೋಡಿ. ನನಗಂತೂ ಪ್ರವಾಸ ಲೇಖನಗಳಿಗಿಂತ ಆ ಫೋಟೋಗಳ ಮೇಲೇ ನಂಬಿಕೆ.

ಚೀಲ_ಹೆಗಲಿಗೆ

ವೀಸಾ ವಿಷಯ ನಾನು ಹೇಳ್ತೀನಿ ಮೇಡಂ. ಸರ್ಕಾರಿ ಇ-ವೀಸಾ ಶುಲ್ಕ ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. 2023ರ ಆಗಸ್ಟ್‌ನಿಂದ 90 ದಿನದವರೆಗೆ ಕೊಡುತ್ತಾರೆ. ಸೈಟ್ ವಿಳಾಸದ ಕೊನೆ ‘ಡಾಟ್ ಗವ್ ಡಾಟ್ ವಿಎನ್’ ಎಂದೇ ಇರಬೇಕು. ಹುಡುಕಾಟದಲ್ಲಿ ಮೇಲೆ ಬರುವುದು ಹೆಚ್ಚಾಗಿ ಏಜೆಂಟರ ಜಾಹೀರಾತು. ಬಣ್ಣ, ಲಾಂಛನ ನೋಡಿ ನಂಬಬೇಡಿ. ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಒಂದಕ್ಷರವೂ ತಪ್ಪದ ಹಾಗೆ ತುಂಬಿ.

ಹೋಟೆಲ್ ಬುಕ್ ಮಾಡುವಾಗಲೂ ಹುಷಾರು. 2025ರ ಜುಲೈ 1ರಿಂದ ಹೊಯಿ ಆನ್ ಇದ್ದ ಕ್ವಾಂಗ್ ನಾಮ್ ಪ್ರಾಂತ್ಯ ಡಾ ನಾಂಗ್ ಜೊತೆ ಸೇರಿದೆ. ಹಾಗಾಗಿ ಸುಮಾರು 30 ಕಿಲೋಮೀಟರ್ ದೂರದ ಹೊಯಿ ಆನ್ ಹೋಟೆಲ್‌ಗೂ ಈಗ ‘ಡಾ ನಾಂಗ್’ ಎಂಬ ವಿಳಾಸ ಇರಬಹುದು. ಹಳೆಯ ಪುಟಗಳಲ್ಲಿ ಹಳೆಯ ಹೆಸರೇ ಇದೆ. ಮ್ಯಾಪ್‌ನಲ್ಲಿ ಗುರುತು ಎಲ್ಲಿ ಬೀಳುತ್ತದೆ ನೋಡದೆ ಬುಕ್ ಮಾಡಬೇಡಿ.

ಮನೆಮಂದಿ_ಪಯಣ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಮೀ ಖೇ ಫೋಟೋ ನೋಡಿದೆ. ನವೆಂಬರ್‌ನಲ್ಲಿ ಬೂದು ಆಕಾಶ, ಏಪ್ರಿಲ್‌ನಲ್ಲಿ ತಿಳಿನೀಲಿ ನೀರು. ಮಕ್ಕಳಿಗೆ ತೋರಿಸಿದೆ, ಅವರೇ ಏಪ್ರಿಲ್ ಅಂದರು. ಬೇಸಿಗೆ ರಜೆಗೆ ಮುಂದೂಡಿದ್ದೇವೆ. ವೀಸಾ ಸೈಟೂ ಸಿಕ್ಕಿತು.

ಒಂದೇ ಚಿಂತೆ ಉಳಿದಿದೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ‘ವೆಜ್ ಹೋಟೆಲ್’ ಎಂದು ಹುಡುಕಿದರೆ ಬೆರಳೆಣಿಕೆಯಷ್ಟು ಭಾರತೀಯ ಹೋಟೆಲ್ ಬಿಟ್ಟರೆ ಏನೂ ಬರುತ್ತಿಲ್ಲ.

ಕಡಲೂರಿನವ

ಅವರ ಮಾತಿನಲ್ಲಿ ಹುಡುಕಿ. ಸಸ್ಯಾಹಾರಕ್ಕೆ ಅಲ್ಲಿ ‘ಚಯ್’ ಅನ್ನುತ್ತಾರೆ. ಮ್ಯಾಪ್‌ನಲ್ಲಿ ಸಿ-ಎಚ್-ಎ-ವೈ ಎಂದು ಟೈಪ್ ಮಾಡಿ, ಎಷ್ಟು ಜಾಗ ಬರುತ್ತದೆ ನೋಡಿ. ಬೌದ್ಧರು ಚಾಂದ್ರಮಾನದ ತಿಂಗಳ 1 ಮತ್ತು 15ನೇ ದಿನ ಚಯ್ ಊಟ ಮಾಡುತ್ತಾರೆ, ಆ ದಿನ ಈ ಅಂಗಡಿಗಳು ತುಂಬಿರುತ್ತವೆ. ಬೇರೆ ಹೋಟೆಲ್‌ನಲ್ಲಿ ಬರೀ ತರಕಾರಿ ಹುರಿದು ಕೊಟ್ಟರೂ ಮೀನಿನ ಸಾಸ್ ಹಾಕಿರಬಹುದು, ಅಮ್ಮನಿಗೆ ಚಯ್ ಅಂಗಡಿಯೇ ಸರಿ. ಮೊಟ್ಟೆ ಬೇಡ ಎಂಬ ಮಾತನ್ನು ಮೊಬೈಲ್‌ನಲ್ಲಿ ಅನುವಾದ ಮಾಡಿ ಇಟ್ಟುಕೊಂಡು ಬಡಿಸುವವರಿಗೆ ತೋರಿಸಿ. ಹಾಗೇ ಅಮ್ಮನನ್ನು ಮೀ ಸೋನ್‌ಗೆ ಕರೆದುಕೊಂಡು ಹೋಗಿ. ಚಾಮ್ ರಾಜರು ಕಟ್ಟಿಸಿದ ಶಿವನ ಗುಡಿಗಳು ಅಲ್ಲಿವೆ. ಬಿಸಿಲು ಏರುವ ಮೊದಲು, ಬೆಳಿಗ್ಗೆ ಬೇಗ ಹೊರಡಿ.