ಮಲ್ಪೆಯಲ್ಲಿ ಒಂದೇ ದಿನ: ಬಂದರು, ದ್ವೀಪ, ಮಠ ಯಾವ ಕ್ರಮದಲ್ಲಿ?

ಬಯಲುಸೀಮೆ:
ಡಿಸೆಂಬರ್ ಎರಡನೇ ವಾರ, ವಾರದ ನಡುವಿನ ದಿನ. ಗಂಡ ಹೆಂಡತಿ ಇಬ್ಬರೇ. ಬೆಂಗಳೂರಿನ ರಾತ್ರಿ ಬಸ್ಸಿನಿಂದ ಬೆಳಿಗ್ಗೆ 6ರ ಸುಮಾರಿಗೆ ಉಡುಪಿಯಲ್ಲಿ ಇಳಿಯುತ್ತೇವೆ, ಅದೇ ರಾತ್ರಿ 9:30ಕ್ಕೆ ವಾಪಸ್. ಮಲ್ಪೆ ಬಂದರು, ಸೈಂಟ್ ಮೇರೀಸ್ ದ್ವೀಪ, ಕೃಷ್ಣಮಠ, ಸಾಧ್ಯವಾದರೆ ಕಾಪು ದೀಪಸ್ತಂಭವನ್ನೂ ನೋಡಬೇಕು. ಸ್ವಂತ ಗಾಡಿ ಇಲ್ಲ. ನನಗೆ ಮೀನು ಬೇಕು, ಅವಳು ಸಸ್ಯಾಹಾರಿ. ಯಾವುದು ಮೊದಲು? ಮನೆಗೆ ಎರಡು ಕಿಲೋ ಬಂಗುಡೆ ಒಯ್ಯಬಹುದೇ?

ಪಡುಕರೆ:
ಬಂದರು ಮೊದಲು, ಸ್ನಾನ ಆಮೇಲೆ. ಉಲ್ಟಾ ಮಾಡಿದರೆ ಇಡೀ ದಿನ ಬಟ್ಟೆಯಲ್ಲಿ ಮೀನಿನ ವಾಸನೆ ಇಟ್ಟುಕೊಂಡು ತಿರುಗಬೇಕು.

ಬಸ್ ಸ್ಟ್ಯಾಂಡ್ ಹತ್ತಿರ ಸಂಜೆವರೆಗೆ ಒಂದು ರೂಮ್ ಹಿಡಿದು ಬ್ಯಾಗ್ ಇಡಿ. ಸಿಟಿ ಬಸ್ ನಿಲ್ದಾಣದಿಂದ ಮಲ್ಪೆಗೆ ಬೆಳಿಗ್ಗೆಯಿಂದಲೇ ಬಸ್ ಸಿಗುತ್ತವೆ, ದೂರ ಸುಮಾರು 6 ಕಿ.ಮೀ. ಏಲಂ ನಡೆಯುವುದು ಬೆಳಗಿನ ಹೊತ್ತು, ಹೊತ್ತೇರಿದ ಮೇಲೆ ಹೋದರೆ ಖಾಲಿ ಬುಟ್ಟಿ, ತೊಳೆದ ನೆಲ ಅಷ್ಟೇ. ನೆಲದಲ್ಲಿ ಐಸ್ ನೀರು, ಮೀನಿನ ಲೋಳೆ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿ, ಹವಾಯಿ ಚಪ್ಪಲಿ ಜಾರುತ್ತದೆ. ಬುಟ್ಟಿ ಹೊತ್ತವರು, ಕೈಗಾಡಿಯವರು ಬರುವ ದಾರಿಯಲ್ಲಿ ನಿಲ್ಲಬೇಡಿ, ಅವರಿಗೆ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಫೋಟೋ ತೆಗೆಯುವ ಮೊದಲು ಕೇಳಿ. ಏಲಂನಲ್ಲಿ ಬುಟ್ಟಿ ಲೆಕ್ಕ, ಕಿಲೋ ಲೆಕ್ಕದಲ್ಲಿ ಬೇಕಾದರೆ ಹೊರಗೆ ಕೂತು ಮಾರುವ ಹೆಂಗಸರ ಹತ್ತಿರ ಹೋಗಿ.

ನಿಮ್ಮ ತಿಂಗಳು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಬಂದರಿನಲ್ಲಿ ಕಟ್ಟಿ ಹಾಕಿದ ಬೋಟುಗಳೇ. ಮಳೆಗಾಲದಲ್ಲಿ ದ್ವೀಪಕ್ಕೂ ಹೋಗಲಾಗದು.

ರೂಮಿಗೆ ವಾಪಸ್ ಬಂದು ಸ್ನಾನ, ಬನ್ಸ್ ಅಥವಾ ಗೋಳಿಬಜೆ, ಮತ್ತೆ 9ರ ಹೊತ್ತಿಗೆ ದ್ವೀಪದ ಬೋಟಿಗೆ.

ಕಲ್ಲುಕಂಬ:
ದ್ವೀಪವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲೇಬೇಡಿ. ಬಿಸಿಲೇರಿದ ಹಾಗೆ ಕಡಲ ಗಾಳಿ ಜೋರಾಗುತ್ತದೆ, ಅಲೆ ಏಳುತ್ತದೆ, ಬೋಟಿನಿಂದ ಇಳಿಯುವುದೇ ಕಷ್ಟ. ಕಡಲು ಕೆಟ್ಟರೆ ಬೋಟು ಬಿಡುವುದೂ ಇಲ್ಲ. ವಾರದ ನಡುವಿನ ದಿನ ಜನ ಕಡಿಮೆ, ದೊಡ್ಡ ಬೋಟ್ ತುಂಬುವ ತನಕ ಕಾಯಿಸಬಹುದು, ಒಂದು ಗಂಟೆ ಹೆಚ್ಚುವರಿ ಇಟ್ಟುಕೊಳ್ಳಿ. ವಾಪಸ್ ಬರಲೂ ಅದೇ ಟಿಕೆಟ್ ಬೇಕು, ಒದ್ದೆಯಾಗದ ಜಾಗದಲ್ಲಿ ಇಡಿ. ಪ್ಲಾಸ್ಟಿಕ್ ತಪಾಸಣೆ ಇರುತ್ತದೆ. ನೆರಳು ಕಡಿಮೆ, ಹಾಗಾಗಿ ಟೋಪಿ ಮತ್ತು ಸ್ಟೀಲ್ ಬಾಟಲಿಯಲ್ಲಿ ನೀರು.

ಅಲ್ಲಿ ನೋಡಬೇಕಾದದ್ದು ಕಲ್ಲು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಕಡೆಯಿಂದ ಬೇರ್ಪಡುವ ಕಾಲದಲ್ಲಿ ಹರಿದ ಲಾವಾ ಅದು. ತಣಿಯುತ್ತಾ ಕುಗ್ಗಿದಾಗ ಬಿರುಕುಗಳು ಒಳಗೆ ಇಳಿದು ಕಲ್ಲು ಕಂಬಗಳಾಗಿ ಒಡೆದಿದೆ. ಕೆಸರು ಒಣಗಿ ಬಿರಿಯುವ ಹಾಗೆಯೇ, ಬಿರುಕು ಮಾತ್ರ ಆಳ. ಬಹುಪಾಲು ಆರು ಮುಖ. ಕೆಲವಕ್ಕೆ ಐದು, ಏಳು ಕೂಡ ಇರುತ್ತವೆ, ಎಣಿಸಿ ನೋಡಿ. ಕಂಬದ ತುದಿ ಮೆಟ್ಟಿಲಿನಂತೆ ಕಾಣುವುದರಿಂದ ಜನ ನೀರಿನಂಚಿನವರೆಗೆ ಇಳಿದುಬಿಡುತ್ತಾರೆ. ಅಲೆ ತಾಗುವ ಕಲ್ಲಿನ ಮೇಲೆ ಪಾಚಿ ಇರುತ್ತದೆ. ಅಪಘಾತ ಆಗುವುದು ಅಲ್ಲಿಯೇ, ಅದೂ ಫೋಟೋಗೆ ಕಡಲಿಗೆ ಬೆನ್ನು ಹಾಕಿ ನಿಂತಾಗ. ಹಗ್ಗ ಕಟ್ಟಿದ ಜಾಗ ದಾಟಬೇಡಿ. ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಕಲ್ಲುಚೂರು ಜೇಬಿಗೆ ಹಾಕಿಕೊಳ್ಳಬೇಡಿ, ಚಿಪ್ಪನ್ನೂ ಅಲ್ಲೇ ಬಿಡಿ.

ರಥಬೀದಿ:
ಮಠವನ್ನು ರಾತ್ರಿಗೆ ಇಡಿ ಎನ್ನುವುದು ನನ್ನ ಅಭಿಪ್ರಾಯ. ದ್ವೀಪದಿಂದ 12:30ಕ್ಕೆ ಬಂದರೂ ಊಟ, ವಿಶ್ರಾಂತಿ ಮುಗಿಸಿ 3:30ಕ್ಕೆ ಉಡುಪಿಯಿಂದ ಕಾಪುವಿಗೆ ಬಸ್ ಹಿಡಿಯಬಹುದು, ಹೆದ್ದಾರಿ 66ರಲ್ಲಿ ಮಂಗಳೂರು ಕಡೆಗೆ ಸುಮಾರು 13 ಕಿ.ಮೀ. ಪೇಟೆಯಲ್ಲಿ ಇಳಿದು ಕಡಲಿಗೆ ರಿಕ್ಷಾ. 1901ರ ದೀಪಸ್ತಂಭ, ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ, ಹಾಗಾಗಿ ಮೊದಲು ಹತ್ತಿ, ಆಮೇಲೆ ಮರಳಲ್ಲಿ ಕೂತು ಸೂರ್ಯಾಸ್ತ ನೋಡಿ. ಡಿಸೆಂಬರಿನಲ್ಲಿ 6 ದಾಟುತ್ತಲೇ ಮುಳುಗುತ್ತದೆ. 7ರ ಸುಮಾರಿಗೆ ರಥಬೀದಿ ತಲುಪಿದರೆ, ಆ ತಿಂಗಳಲ್ಲಿ ರಥೋತ್ಸವ ಸಿಗುವ ಸಾಧ್ಯತೆ ಹೆಚ್ಚು. ದರ್ಶನ ಒಂಬತ್ತು ಕಿಂಡಿಗಳ ಬೆಳ್ಳಿ ಕಿಟಕಿಯಿಂದ, ಕನಕನ ಕಿಂಡಿ ಹೊರಗಿನಿಂದಲೇ ನೋಡಬಹುದು. ಗಂಡಸರು ಅಂಗಿ, ಬನಿಯನ್ ತೆಗೆಯಬೇಕಾಗುತ್ತದೆ, ಚಡ್ಡಿ ಬೇಡ, ಪಂಚೆ ಒಳ್ಳೆಯದು.

ಮಳೆಯೋ ಗಾಳಿಯೋ ಬಂದು ಬೋಟು ತಡವಾದರೆ ಕಾಪು ಬಿಡಿ. ಮಲ್ಪೆಯಲ್ಲೇ ವಡಭಾಂಡೇಶ್ವರ ಬಲರಾಮ ದೇವಸ್ಥಾನ, ಪಕ್ಕದ ಕಡಲ ದಂಡೆ ಇದ್ದೇ ಇದೆ.

ಊಟದ ಮಾತು: ಮೀನಿನ ಹೋಟೆಲಿನಲ್ಲಿ ಅವರಿಗೆ ನೀರುದೋಸೆ ಸಿಗಬಹುದು, ಆದರೆ ಚಟ್ನಿಗೆ ಒಣ ಸಿಗಡಿ ಹಾಕಿದ್ದಾರಾ, ದೋಸೆ ಕಾವಲಿ ಬೇರೆಯೇ ಎಂದು ಕೇಳಿ. ಅದಕ್ಕಿಂತ ನೀವು ಮಲ್ಪೆಯಲ್ಲಿ ಒಂದು ಬಂಗುಡೆ ರವಾ ಫ್ರೈ ಮುಗಿಸಿ, ಊಟಕ್ಕೆ ಇಬ್ಬರೂ ಉಡುಪಿಯ ಸಸ್ಯಾಹಾರಿ ಹೋಟೆಲಿಗೆ ಬರುವುದು ಸುಲಭ.

ಪಡುಕರೆ:
ಬಂಗುಡೆ ವಿಷಯ ಬಿಟ್ಟುಹೋಗಿತ್ತು. ಬೆಳಿಗ್ಗೆ ಕೊಂಡು ದಿನವಿಡೀ ಹೊರಬೇಡಿ, ಸಂಜೆ ಕಾಪುವಿನಿಂದ ಬಂದ ಮೇಲೆ, ಮಠಕ್ಕೆ ಹೋಗುವ ಮೊದಲು ಕೊಂಡು ಅಂಗಡಿಯಲ್ಲೇ ಐಸಿನಲ್ಲಿ ಇಡಲು ಹೇಳಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಿರಬೇಕು, ಹೊಟ್ಟೆ ಒತ್ತಿದರೆ ಗುಳಿ ನಿಲ್ಲಬಾರದು. ಬಂಗುಡೆ ಹೊಟ್ಟೆಯಿಂದಲೇ ಮೊದಲು ಕೆಡುತ್ತದೆ, ಕರುಳು ತೆಗೆಸಿ ತೊಳೆಸಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರತೆಗೆದು ಕಟ್ಟಿ, ಇಲ್ಲದಿದ್ದರೆ ಕರಗಿದ ನೀರಲ್ಲಿ ನೆನೆದು ರುಚಿ ಹೋಗುತ್ತದೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕೆಳಗೂ ಮೇಲೂ ಪುಡಿ ಐಸ್, ಎರಡು ಕಿಲೋ ಮೀನಿಗೆ ಕನಿಷ್ಠ ಎರಡು ಕಿಲೋ. ಮುಚ್ಚಳದ ಸುತ್ತ ಟೇಪ್ ಎರಡು ಸುತ್ತು. ಕೆಲವು ಬಸ್ಸಿನವರು ಮೀನಿನ ಪೆಟ್ಟಿಗೆ ಹತ್ತಿಸುವುದಿಲ್ಲ, ಟಿಕೆಟ್ ಮಾಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.