ಓದುಗರ ಸ್ಪಂದನ: ಕಲಿಸಿದವರೆಲ್ಲ ಬಿಟ್ಟು ಹೋಗ್ತಾರೆ, ಏನು ಮಾಡಲಿ?

ಬಳ್ಳಾರಿಯ ಜೀನ್ಸ್ ಘಟಕವೊಂದರ ಸೂಪರ್‌ವೈಸರ್ ಕಳೆದ ವಾರ ಬರೆದಿದ್ದರು: “ಹೊಸ ಮಷಿನ್ ಕಲಿಸಿದ ಹುಡುಗಿಯರು ಆರೇ ತಿಂಗಳಿಗೆ ಪಕ್ಕದ ಘಟಕ ಸೇರುತ್ತಾರೆ. ಇನ್ನು ಕಲಿಸುವುದನ್ನೇ ನಿಲ್ಲಿಸಲಾ?”

ಹೊಲಿಗೆಯವಳು, ಬಳ್ಳಾರಿ

11 ವರ್ಷ ಇದೇ ಊರಲ್ಲಿ ಜೀನ್ಸ್ ಹೊಲಿದವಳು ನಾನು. ಕಲಿಸಿದೆ ಅಂತೀರಲ್ಲ, ಕಲಿತ ದಿನಗಳ ಕೂಲಿ ಯಾರು ಕೊಟ್ಟರು? ನಮ್ಮದು ಪೀಸ್ ಲೆಕ್ಕ, ಹೊಲಿದಷ್ಟಕ್ಕೇ ಕೂಲಿ. ಜೇಬು ಹೊಲಿಯೋದರಲ್ಲಿ ನನ್ನ ಕೈ ಕುದುರಿತ್ತು. ಒಂದಿನ ಎಬ್ಬಿಸಿ, ಬಟ್ಟೆ ಅಂಚು ಬಿಚ್ಚದಂತೆ ಹೊಲಿಯೋ ಓವರ್‌ಲಾಕ್ ಮಷಿನ್ ಮುಂದೆ ಕೂರಿಸಿದರು. ದಾರ ತುಂಡಾಗೋದು, ಬಿಚ್ಚೋದು, ಮತ್ತೆ ಹೊಲಿಯೋದು. ಶನಿವಾರ ಕೈಗೆ ಬಂದದ್ದು ಅರ್ಧ ಪಗಾರ. ಅತ್ತೆ ಎಣಿಸಿ, “ಇಷ್ಟೇನಾ?” ಅಂದರು. ಸೋಮವಾರ ನಾನೇ ಜೇಬಿಗೆ ವಾಪಸ್ ಹೋದೆ.

ಮುಂದೆ ಸೇರಿದ ಘಟಕದಲ್ಲಿ, ಕಲಿಯೋ 15 ದಿನ ನಿನ್ನ ಹಳೇ ಸರಾಸರಿ ಕೂಲಿ ಕೊಡ್ತೀವಿ ಅಂದರು. ಅಷ್ಟೇ. ಓವರ್‌ಲಾಕ್, ಜೇಬಿನ ತುದಿ ಗಟ್ಟಿ ಮಾಡೋ ಬಾರ್‌ಟ್ಯಾಕ್, ಕಾಜಾ ಎಲ್ಲ ಕಲಿತೆ, ಅಲ್ಲೇ ಏಳು ವರ್ಷ ಇದ್ದೆ. ಪಕ್ಕದ ಘಟಕದವರು ಏನು ಕೊಡ್ತಾರೆ ಅಂತ ನಿಮ್ಮ ಹುಡುಗಿಯರನ್ನು ಕೇಳಿದ್ದೀರಾ?

ಬಾಯ್ಲರ್ ಅಟೆಂಡೆಂಟ್, ಗಂಗಾವತಿ

ಅಕ್ಕಿ ಗಿರಣಿಗೆ ಮೂಟೆ ಹೊರಲು ಸೇರಿದವನು ನಾನು. ಆಮೇಲೆ ಭತ್ತ ಬೇಯಿಸೋ ಬಾಯ್ಲರ್ ಹತ್ತಿರ ಹಾಕಿದರು. ಅದನ್ನು ನಡೆಸಲು ಸರ್ಕಾರಿ ಸರ್ಟಿಫಿಕೇಟ್ ಬೇಕು. ಆ ಪರೀಕ್ಷೆಗೆ ಕೂರಲು, ಇಷ್ಟು ದಿನ ಕೆಲಸ ಮಾಡಿದ್ದಾನೆ ಅಂತ ಗಿರಣಿಯವರೇ ಬರೆದುಕೊಡಬೇಕು. ಮೊದಲ ಗಿರಣಿಯಲ್ಲಿ ಎರಡು ವರ್ಷ “ನಾಳೆ ಬಾ” ಅಂದರು. ಪತ್ರ ಕೊಟ್ಟರೆ ಓಡಿಹೋಗ್ತಾನೆ ಅನ್ನೋ ಹೆದರಿಕೆ. ಕೊಡಲಿಲ್ಲ ಅಂತಲೇ ನಾನು ಓಡಿಹೋದೆ!

ಈಗಿನ ಮ್ಯಾನೇಜರ್ ಪತ್ರ ಕೊಟ್ಟರು, ಪರೀಕ್ಷೆ ಮುಗಿಯೋವರೆಗೆ ರಾತ್ರಿ ಪಾಳಿ ತಪ್ಪಿಸಿದರು. ದಿನಾ ಬಾಯ್ಲರಿನ ನೀರಿನ ಮಟ್ಟ ತೋರಿಸೋ ಗೇಜ್ ಗ್ಲಾಸ್ ಮುಂದೆ ನಿಲ್ಲಿಸಿ, “ಇದರಲ್ಲಿ ನೀರೇ ಕಾಣದಿದ್ದರೆ?” ಅಂತ ಕೇಳೋರು. “ಒಲೆಗೆ ಉಮಿ ಹಾಕೋದು ನಿಲ್ಲಿಸ್ತೀನಿ ಸಾರ್, ಬಾಯ್ಲರಿಗೆ ನೀರು ಮಾತ್ರ ಬಿಡಲ್ಲ.” ನೀರಿಲ್ಲದೆ ಕಾದ ಬಾಯ್ಲರಿಗೆ ತಣ್ಣೀರು ಬಿಟ್ಟರೆ ಗಿರಣಿಯೇ ಹಾರಿಹೋದೀತು. ಈಗ ಹೊಸ ಹುಡುಗನಿಗೆ ನಾನೇ ಅದನ್ನು ಕೇಳುತ್ತೇನೆ.

ಸೂಪರ್‌ವೈಸರ್, ರಾಯಚೂರು

ಎಲ್ಲರಿಗೂ ಕಲಿಯೋ ಆಸೆ ಇರಲ್ಲ, ಸುಮ್ನೆ ಬಲವಂತ ಮಾಡಬೇಡಿ. ನಮ್ಮದು ಹತ್ತಿ ಜಿನ್ನಿಂಗ್, ಅಂದರೆ ಹತ್ತಿಯಿಂದ ಬೀಜ ಬಿಡಿಸೋ ಮಿಲ್ಲು. ಸೀಸನ್ ಮುಗಿದು ಮಷಿನ್ ಬಿಚ್ಚುವಾಗ ಫಿಟ್ಟರ್ ಜೊತೆ ಇಬ್ಬರನ್ನು ನಿಲ್ಲಿಸಿದ್ದೆ. ಒಬ್ಬ ಬೇಡ ಅಂದ, ಬಿಟ್ಟೆ. ಇನ್ನೊಬ್ಬ ರೋಲರ್ ಬದಲಿಸೋದು ಚೆನ್ನಾಗಿ ಕಲಿತ, ಹೋದ ವರ್ಷ ಬೇರೆ ಮಿಲ್ಲಿಗೆ ಹೋದ. ಬೇಜಾರಾಯ್ತು, ಸುಳ್ಳು ಹೇಳಲ್ಲ. ಈ ಸೀಸನ್ನಿಗೆ ತನ್ನ ತಮ್ಮನನ್ನು ನನ್ನ ಹತ್ತಿರ ಕಳಿಸಿದ್ದಾನೆ.